ಬ್ರೆಝಾನೋ ನೆಕ್ಸಾನೋ: ಐದು ಜನರ ಮನೆಗೆ ಅಳೆದು ತೂಗಿ ಕಾರು ಆರಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಹತ್ತು–ಹನ್ನೆರಡು ಲಕ್ಷದ ಲೆಕ್ಕ ಹಾಕಿಕೊಂಡು ಮನೆಗೊಂದು ಎತ್ತರದ ಕಾರು ನೋಡಲು ಹೊರಟವರ ಪಟ್ಟಿ ವಾರ ಕಳೆಯುವಷ್ಟರಲ್ಲಿ ಎರಡು ಹೆಸರಿಗೆ ಇಳಿದಿರುತ್ತದೆ. ಬಹಳ ಸಲ ಆ ಎರಡು ಹೆಸರು ಮಾರುತಿ ಬ್ರೆಝಾ ಮತ್ತು ಟಾಟಾ ನೆಕ್ಸಾನ್. ಎರಡರ ಉದ್ದವೂ 3995 ಮಿಲಿಮೀಟರ್. ಎರಡರಲ್ಲೂ ಆರು ಏರ್‌ಬ್ಯಾಗ್. ಎರಡಕ್ಕೂ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ವಾರಂಟಿ. ಕಾಗದದ ಮೇಲೆ ಅಣ್ಣತಮ್ಮಂದಿರಂತೆ ಕಾಣುವ ಇವು ರಸ್ತೆಗಿಳಿದರೆ ಬೇರೆ ಬೇರೆ ಸ್ವಭಾವದವು, ತೆರಿಗೆ ಲೆಕ್ಕದಲ್ಲಂತೂ ಬೇರೆ ಬೇರೆ ಗೋತ್ರದವು. ಬ್ರೋಷರ್‌ನಲ್ಲಿರುವ ಟಿಕ್ ಗುರುತು ಎಣಿಸಿ ಇವುಗಳಲ್ಲೊಂದನ್ನು ಆರಿಸಲು ಆಗುವುದಿಲ್ಲ. ನಿಮ್ಮ ಮನೆಯ ಜನ, ನಿಮ್ಮ ಸಾಮಾನು, ನೀವು ಓಡಾಡುವ ರಸ್ತೆ, ಈ ಮೂರನ್ನೂ ಕಾರಿನ ಮೇಲೆ ಹೇರಿ ನೋಡಬೇಕು. ಅದಕ್ಕೊಂದು ಕ್ರಮ ಇಲ್ಲಿದೆ. ಇದೇ ಅಳತೆಯ ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ ನೋಡುತ್ತಿರುವವರಿಗೂ ಕ್ರಮ ಇದೇ, ಅಂಕಿ ಮಾತ್ರ ಬೇರೆ.

ಇಲ್ಲಿ ಕೊಟ್ಟಿರುವ ಅಳತೆಗಳು 2022ರ ಜೂನ್‌ನಲ್ಲಿ ಬಂದ ಬ್ರೆಝಾ ಮತ್ತು 2023ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪ ಪಡೆದ ನೆಕ್ಸಾನ್‌ನವು.

ಮೊದಲು ಒಂದು ತಿಂಗಳ ಓಡಾಟ ಬರೆದಿಡಿ

ಶೋರೂಮಿಗೆ ಹೋಗುವ ಮೊದಲೇ ಮಾಡಬೇಕಾದ ಕೆಲಸ ಇದು. ಈಗಿರುವ ಕಾರು, ಬೈಕು, ಬಸ್ಸು, ಬಾಡಿಗೆ ಗಾಡಿ ಯಾವುದರಲ್ಲೇ ಹೋಗಿರಲಿ, ಮನೆಯವರ ಓಡಾಟವನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿಗೆ, ಎಷ್ಟು ಕಿಲೋಮೀಟರ್, ಎಷ್ಟು ಜನ, ಡಿಕ್ಕಿಯಲ್ಲಿ ಏನು ಹೇರಬೇಕಾಗಿತ್ತು. ವಿದ್ಯಾನಗರದಿಂದ ಮಕ್ಕಳ ಶಾಲೆಗೆ ದಿನಾ ಆರು ಕಿಲೋಮೀಟರ್ ಹೋಗಿಬರುವ ಮನೆಗೂ, ವಾರಕ್ಕೆರಡು ಸಲ ಚನ್ನಗಿರಿಯ ಅಡಿಕೆ ತೋಟಕ್ಕೆ ಹೋಗುವ ಮನೆಗೂ, ತಿಂಗಳಿಗೊಮ್ಮೆ ಬೆಂಗಳೂರಿಗೆ 260 ಕಿಲೋಮೀಟರ್ ಓಡುವ ಮನೆಗೂ ಬೇಕಾದ ಕಾರು ಒಂದೇ ಅಲ್ಲ.

ತಿಂಗಳ ಕೊನೆಗೆ ಮೂರು ಸಂಖ್ಯೆ ಸಿಗಬೇಕು: ಒಟ್ಟು ಕಿಲೋಮೀಟರ್, ಅದರಲ್ಲಿ ಹೈವೇ ಎಷ್ಟು, ಐದೂ ಸೀಟು ತುಂಬಿದ ದಿನ ಎಷ್ಟು. ಮುಂದಿನ ಪ್ರತಿ ತೀರ್ಮಾನಕ್ಕೂ ಈ ಹಾಳೆ ಬೇಕಾಗುತ್ತದೆ.

ಆನ್‌ರೋಡ್ ಬೆಲೆ ಬಿಡಿಸಿ ನೋಡುವುದು

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್, ಡೀಸೆಲ್ ಕಾರುಗಳ ಜಿಎಸ್‌ಟಿ ಎರಡೇ ದರಕ್ಕೆ ಬಂದಿದೆ. ಉದ್ದ 4000 ಮಿಲಿಮೀಟರ್ ದಾಟದೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗಿದ್ದರೆ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಒಳಗಿದ್ದರೆ ಶೇ. 18. ಈ ಮಿತಿಯಲ್ಲಿ ಒಂದನ್ನು ಮೀರಿದರೂ ಶೇ. 40. ನೆಕ್ಸಾನ್ ಪೆಟ್ರೋಲ್ 1199 ಸಿಸಿ, ಡೀಸೆಲ್ 1497 ಸಿಸಿ, ಎರಡೂ ಶೇ. 18ರೊಳಗೆ ಬರುತ್ತವೆ. ಬ್ರೆಝಾದ ಪೆಟ್ರೋಲ್ ಎಂಜಿನ್ 1462 ಸಿಸಿ. ಉದ್ದ ನಾಲ್ಕು ಮೀಟರ್ ಒಳಗೇ ಇದ್ದರೂ ಅದು ಶೇ. 40ರ ಸಾಲಿಗೆ ಹೋಗುತ್ತದೆ. ತೆರಿಗೆಗೆ ಮುಂಚಿನ ಬೆಲೆ ಎರಡಕ್ಕೂ ಎಂಟು ಲಕ್ಷ ಎಂದು ಇಟ್ಟುಕೊಂಡರೆ ಒಂದು 9.44 ಲಕ್ಷಕ್ಕೆ ನಿಲ್ಲುತ್ತದೆ, ಇನ್ನೊಂದು 11.20 ಲಕ್ಷ ಮುಟ್ಟುತ್ತದೆ. ಹಾಗಾಗಿ ಒಂದೇ ಬೆಲೆಗೆ ಸಿಗುವ ಬ್ರೆಝಾ, ನೆಕ್ಸಾನ್‌ಗಳನ್ನು ಅಕ್ಕಪಕ್ಕ ಇಟ್ಟಾಗ ನೆಕ್ಸಾನ್‌ನಲ್ಲಿ ಸೌಲಭ್ಯ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ. ಬ್ರೆಝಾಕ್ಕೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ತೆರಿಗೆಗೆ ಹೋಗಿರುತ್ತದೆ.

ಇದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ. 17. ಆ ತೆರಿಗೆಯ ಮೇಲೆ ಶೇ. 11 ಸೆಸ್. ಹತ್ತು ಲಕ್ಷ ದಾಟಿದ ಕೂಡಲೇ ಇಡೀ ಬೆಲೆಗೆ ಹೊಸ ದರ ಬೀಳುತ್ತದೆ, ಹೆಚ್ಚಾದ ಭಾಗಕ್ಕೆ ಮಾತ್ರ ಅಲ್ಲ. ಎರಡು ಇನ್‌ವಾಯ್ಸ್ ಎದುರುಬದುರು ಇಟ್ಟು ನೋಡಿ. 9,95,000 ರೂಪಾಯಿಯ ಕಾರಿಗೆ ಸೆಸ್ ಸೇರಿ ರಸ್ತೆ ತೆರಿಗೆ ಸುಮಾರು 1,54,600. 10,05,000 ರೂಪಾಯಿಯ ಕಾರಿಗೆ ಸುಮಾರು 1,89,600. ಇನ್‌ವಾಯ್ಸ್ ಹತ್ತು ಲಕ್ಷ ಮೀರಿದ್ದಕ್ಕೆ ಶೇ. 1 ಟಿಸಿಎಸ್ (ಮಾರುವವರೇ ಹಿಡಿದು ಕಟ್ಟುವ ಆದಾಯ ತೆರಿಗೆ) ಬೇರೆ, ಅಂದರೆ ಇನ್ನೊಂದು ಹತ್ತು ಸಾವಿರ. ಕಾರಿನ ಬೆಲೆಯಲ್ಲಿ ಹತ್ತು ಸಾವಿರದ ಅಂತರ, ಕೈಯಿಂದ ಹೋಗುವ ಹಣದಲ್ಲಿ ಐವತ್ತೈದು ಸಾವಿರದ ಅಂತರ! ಟಿಸಿಎಸ್ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಬರುತ್ತದೆ, ರಸ್ತೆ ತೆರಿಗೆ ಬರುವುದಿಲ್ಲ. ನಿಮ್ಮ ವೇರಿಯಂಟ್ 9.9 ಲಕ್ಷದ ಆಸುಪಾಸಿನಲ್ಲಿದ್ದರೆ ಬಣ್ಣಕ್ಕೆಂದು, ಡ್ಯುಯಲ್ ಟೋನ್‌ಗೆಂದು ಸೇರಿಸುವ ಹದಿನೈದು ಸಾವಿರ ನಿಮ್ಮನ್ನು ಆ ಗೆರೆ ದಾಟಿಸುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಎರಡೂ ಶೋರೂಮಿನಿಂದ ಕೊಟೇಶನ್ ಬರವಣಿಗೆಯಲ್ಲೇ ಪಡೆಯಿರಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಂದೊಂದು ಸಾಲೂ ಬೇರೆಯಾಗಿರಬೇಕು: ಎಕ್ಸ್‌ಶೋರೂಮ್, ರಸ್ತೆ ತೆರಿಗೆ, ನೋಂದಣಿ ಶುಲ್ಕ, ಸಾಲ ಇದ್ದರೆ ಎಚ್‌ಪಿ ನಮೂದು (ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರೆಸುವುದು), ವಿಮೆ, ಫಾಸ್ಟ್ಯಾಗ್, ಹೆಚ್ಚುವರಿ ವಾರಂಟಿ, ಆಕ್ಸೆಸರಿ. ನೋಂದಣಿ ಶುಲ್ಕ 600 ರೂಪಾಯಿ, ಎಚ್‌ಪಿ ನಮೂದಿಗೆ 1500. "ಆರ್‌ಟಿಒ ಖರ್ಚು" ಎಂದು ಒಟ್ಟಾಗಿ ಬರೆದ ಸಾಲಿನಲ್ಲಿ ಇದಕ್ಕಿಂತ ಹೆಚ್ಚಿನ ಹಣ ಕುಳಿತಿದ್ದರೆ ಬಿಡಿಸಿ ಬರೆದುಕೊಡಲು ಹೇಳಿ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್ ಎಂಬ ಹೆಸರಿನಲ್ಲಿ ಕೇಳುವ ಹಣವನ್ನು ಇನ್‌ವಾಯ್ಸ್‌ನಲ್ಲಿ ತೋರಿಸಲು ಕೇಳಿ. ತೋರಿಸಲಾಗದ ಹಣ ಕೊಡಬೇಕಾಗಿಲ್ಲ. ಸೆರಾಮಿಕ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್, ಸೀಟ್ ಕವರ್ ಸೇರಿಸಿ "ಸಾರ್, ಇದು ಕಂಪಲ್ಸರಿ ಪ್ಯಾಕೇಜ್" ಎಂದರೆ ಕಡ್ಡಾಯ ಎಂಬುದನ್ನು ಅದೇ ಕೊಟೇಶನ್ ಮೇಲೆ ಬರೆದು ಸಹಿ ಹಾಕಿ ಕೊಡಲು ಹೇಳಿ. ಹಾಗೆ ಬರೆದುಕೊಡುವವರು ಸಿಗುವುದಿಲ್ಲ.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ಎದುರಿನವರಿಗೆ ಆದ ಹಾನಿಗೆ) ಕಡ್ಡಾಯ. ಈ ಎರಡೂ ಕಾರು 1000ರಿಂದ 1500 ಸಿಸಿ ವರ್ಗದವು, ಹಾಗಾಗಿ ಆ ಕಂತು ಎರಡಕ್ಕೂ ಸಮ. ವ್ಯತ್ಯಾಸ ಬರುವುದು ಸ್ವಂತ ಹಾನಿಯ ಕಂತಿನಲ್ಲಿ. ಅದೇ ಐಡಿವಿ (ವಿಮೆಯಲ್ಲಿ ಕಾರಿಗೆ ಕಟ್ಟುವ ಬೆಲೆ), ಅದೇ ಆಡ್‌ಆನ್ ಹಾಕಿ ಹೊರಗಿನಿಂದ ಎರಡು ದರ ತರಿಸಿಕೊಂಡು ಮುಂದಿಟ್ಟರೆ ಶೋರೂಮಿನ ದರವೂ ಇಳಿಯುತ್ತದೆ. ಆಡ್‌ಆನ್‌ಗಳಲ್ಲಿ ಝೀರೋ ಡೆಪ್ರಿಸಿಯೇಶನ್ (ಸವಕಳಿ ಕಳೆಯದೆ ಬಿಡಿಭಾಗದ ಬೆಲೆ ಕೊಡುವುದು) ತಪ್ಪದೇ ಬೇಕು, ಬಂಪರ್ ಎಂದರೆ ಪ್ಲಾಸ್ಟಿಕ್, ಪ್ಲಾಸ್ಟಿಕ್‌ಗೆ ಸಾಮಾನ್ಯ ಪಾಲಿಸಿ ಅರ್ಧ ಬೆಲೆ ಮಾತ್ರ ಕೊಡುತ್ತದೆ.

ಸಾಲದ ಬಗ್ಗೆ ಒಂದೇ ಲೆಕ್ಕ. ಎಂಟು ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 16,600. ಏಳು ವರ್ಷಕ್ಕೆ ಎಳೆದರೆ 12,870. ಕಂತು ಹಗುರವಾಯಿತು ಎನಿಸುತ್ತದೆ, ಬಡ್ಡಿ ಮಾತ್ರ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರಿರುತ್ತದೆ. ಮೇಲಿನ ವೇರಿಯಂಟ್ ತೆಗೆದುಕೊಳ್ಳಲೆಂದೇ ಏಳು ವರ್ಷಕ್ಕೆ ಹೋಗುವುದಾದರೆ ಕೆಳಗಿನ ವೇರಿಯಂಟೇ ಸಾಕು.

ಪೆಟ್ರೋಲ್, ಡೀಸೆಲ್, ಸಿಎನ್‌ಜಿ

ಬ್ರೆಝಾದಲ್ಲಿ ಡೀಸೆಲ್ ಇಲ್ಲ. 2020ರ ಏಪ್ರಿಲ್‌ನಲ್ಲೇ ಮಾರುತಿ ಡೀಸೆಲ್ ಕೈಬಿಟ್ಟಿತು. ನೆಕ್ಸಾನ್‌ನಲ್ಲಿ 1.5 ಲೀಟರ್ ಡೀಸೆಲ್ ಇನ್ನೂ ಸಿಗುತ್ತದೆ. ಡೀಸೆಲ್ ಬೇಕೋ ಬೇಡವೋ ಎಂಬುದನ್ನು ಮೊದಲು ಬರೆದಿಟ್ಟ ಹಾಳೆ ಹೇಳುತ್ತದೆ.

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಮನೆ ಎನ್ನಿ. ಪೆಟ್ರೋಲ್ ಕಾರು ಊರು, ಹೈವೇ ಸೇರಿ ಲೀಟರ್‌ಗೆ 14 ಕೊಟ್ಟರೆ, ಲೀಟರ್ 103 ರೂಪಾಯಿಯ ಲೆಕ್ಕದಲ್ಲಿ 7,350 ಖರ್ಚು. ಡೀಸೆಲ್ 18 ಕೊಟ್ಟರೆ, ಲೀಟರ್ 91ರಂತೆ 5,050. ವರ್ಷಕ್ಕೆ ಉಳಿತಾಯ 27,600ರಷ್ಟು. ಡೀಸೆಲ್‌ಗೆ ಆನ್‌ರೋಡ್‌ನಲ್ಲಿ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಕೈಗೆ ಮರಳಲು ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ತಿಂಗಳಿಗೆ ಐನೂರೇ ಕಿಲೋಮೀಟರ್ ಆದರೆ ಏಳು ವರ್ಷ ದಾಟುತ್ತದೆ. ಬಂಕಿನ ಇಂದಿನ ದರ, ಕೊಟೇಶನ್‌ನ ನಿಜವಾದ ಅಂತರ ಹಾಕಿಕೊಂಡು ನೀವೇ ಒಮ್ಮೆ ಗುಣಿಸಿ ನೋಡಿ.

ದುಡ್ಡಿನಾಚೆ ಇನ್ನೊಂದು ವಿಷಯವಿದೆ. ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಹೊಗೆಮಸಿ ಸೋಸುವ ಜಾಲರಿ ಇರುತ್ತದೆ. ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಕಾಲು ಗಂಟೆ–ಇಪ್ಪತ್ತು ನಿಮಿಷ ಓಡಿದಾಗ ಮಾತ್ರ ಅದರೊಳಗಿನ ಮಸಿ ಸುಟ್ಟು ಹೋಗುತ್ತದೆ. ಎಂಸಿಸಿ ಬಿ ಬ್ಲಾಕಿನಿಂದ ಮಂಡಿಪೇಟೆ, ಮಂಡಿಪೇಟೆಯಿಂದ ಮನೆ, ಇಷ್ಟೇ ಓಡಾಟವಾದರೆ ಎಂಜಿನ್ ಕಾಯುವುದರೊಳಗೆ ಪಯಣ ಮುಗಿದಿರುತ್ತದೆ. ಮಸಿ ಕಟ್ಟಿ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ. ಆಗಲೂ ಹೈವೇಗೆ ಒಯ್ಯದೆ ಹಾಗೇ ಓಡಿಸಿದರೆ ಪಿಕಪ್ ಬಿದ್ದು ವರ್ಕ್‌ಶಾಪ್ ಸೇರಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಎನ್‌ಎಚ್ 48ರಲ್ಲಿ ಹರಿಹರ ಅಥವಾ ಭರಮಸಾಗರದವರೆಗೆ ಓಡದ ಮನೆಗೆ ಡೀಸೆಲ್ ಬೇಡ.

ಸಿಎನ್‌ಜಿ ಎರಡರಲ್ಲೂ ಇದೆ. ಬ್ರೆಝಾ ಸಿಎನ್‌ಜಿ ಡಿಕ್ಕಿಯಲ್ಲಿ ಸಿಲಿಂಡರ್ ಎದ್ದು ಕುಳಿತಿರುತ್ತದೆ, ಊರಿಗೆ ಹೋಗುವ ಬ್ಯಾಗು ಹಿಡಿಸುವುದಿಲ್ಲ. ನೆಕ್ಸಾನ್‌ನಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ನೆಲದಡಿ ಮಲಗಿಸಿರುವುದರಿಂದ 321 ಲೀಟರ್ ಜಾಗ ಉಳಿಯುತ್ತದೆ. ಕುಟುಂಬಕ್ಕೆ ಇದು ದೊಡ್ಡ ವ್ಯತ್ಯಾಸ. ಆದರೆ ಬುಕ್ ಮಾಡುವ ಮೊದಲು ನಿಮ್ಮ ದಾರಿಯ ಸಿಎನ್‌ಜಿ ಬಂಕಿನ ಮುಂದೆ ಸಂಜೆ ಏಳು ಗಂಟೆಗೆ ನಿಂತು ಸಾಲು ನೋಡಿ. ಆಟೊಗಳ ಹಿಂದೆ ಅರ್ಧ ಗಂಟೆ ಕಾಯುವ ತಾಳ್ಮೆ ಮನೆಯಲ್ಲಿ ಯಾರಿಗಿದೆ ಎಂದೂ ಕೇಳಿಕೊಳ್ಳಿ. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ.

ಟೇಪು ಹಿಡಿದು ಶೋರೂಮಿಗೆ

ಮೊದಲ ಭೇಟಿಗೆ ಮನೆಮಂದಿಯೆಲ್ಲ ಹೋಗಿ, ಅಜ್ಜಿಯನ್ನು ಬಿಟ್ಟು ಹೋಗಬೇಡಿ. ಮೊಣಕಾಲು ನೋವಿರುವ ಹಿರಿಯರು ಮನೆಯಲ್ಲಿದ್ದರೆ ಅವರು ಕೈ ಊರದೆ ಎದ್ದೇಳುವ ಮಂಚದ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಶೋರೂಮಿನಲ್ಲಿ ಹಿಂದಿನ ಬಾಗಿಲು ತೆರೆದು ನೆಲದಿಂದ ಸೀಟಿನ ಅಂಚಿನವರೆಗೆ ಅಳೆಯಿರಿ. ಮಂಚಕ್ಕಿಂತ ತೀರಾ ಎತ್ತರವಾದರೆ ಹತ್ತಬೇಕಾಗುತ್ತದೆ, ತೀರಾ ತಗ್ಗಾದರೆ ಏಳುವುದು ಕಷ್ಟ. ಬಾಗಿಲ ಕೆಳಗಿನ ಹೊಸ್ತಿಲಿನಂಥ ಪಟ್ಟಿ ಎಷ್ಟು ಎತ್ತರವಿದೆ, ಎಷ್ಟು ಅಗಲವಿದೆ ಎಂಬುದನ್ನೂ ನೋಡಿ. ಸೀರೆಯುಟ್ಟವರು ಕಾಲು ಎತ್ತಿ ದಾಟಿಸಬೇಕಾದದ್ದು ಆ ಪಟ್ಟಿಯನ್ನೇ. ಮೂರು ಸಲ ಹತ್ತಿಸಿ, ಮೂರು ಸಲ ಇಳಿಸಿ. ಮೊದಲ ಸಲ ಎಲ್ಲರೂ "ಚೆನ್ನಾಗಿದೆ ಬಿಡಪ್ಪಾ" ಎನ್ನುತ್ತಾರೆ, ಮೂರನೇ ಸಲ ಕೈ ಎಲ್ಲಿ ಹಿಡಿಯಿತು, ತಲೆ ಎಲ್ಲಿ ತಾಗಿತು ಎಂಬುದು ಗೊತ್ತಾಗುತ್ತದೆ. ಬ್ರೆಝಾದ ಎತ್ತರ 1685 ಮಿಲಿಮೀಟರ್, ನೆಕ್ಸಾನ್‌ನದು 1620. ಆರೂವರೆ ಸೆಂಟಿಮೀಟರ್‌ನ ಈ ಅಂತರ ಹಿಂದಿನ ಸೀಟಿಗೆ ತಲೆ ತಗ್ಗಿಸಿ ಕೂರುವಾಗ ಅನುಭವಕ್ಕೆ ಬರುತ್ತದೆ, ಪೇಟ ಸುತ್ತುವ ಅಜ್ಜಂದಿರಿಗಂತೂ ಇನ್ನೂ ಹೆಚ್ಚು.

ಹಿಂದೆ ಮೂವರನ್ನು ಕೂರಿಸಿ ಬಾಗಿಲು ಹಾಕಿ ಐದು ನಿಮಿಷ ಹಾಗೇ ಬಿಡಿ. ಅಗಲದಲ್ಲಿ ನೆಕ್ಸಾನ್ 1804, ಬ್ರೆಝಾ 1790, ಹೆಚ್ಚೇನೂ ಅಂತರವಿಲ್ಲ. ನಡುವೆ ಕೂತವರಿಗೆ ಮೂರು ಪಾಯಿಂಟ್ ಬೆಲ್ಟ್ ಇದೆಯೇ, ತಲೆದಿಂಬು ಇದೆಯೇ ಎಂಬುದು ವೇರಿಯಂಟ್ ಮೇಲೆ ಬದಲಾಗಬಹುದು. ನೀವು ಕೊಳ್ಳುವ ವೇರಿಯಂಟಿನಲ್ಲೇ ಅದನ್ನು ಕಣ್ಣಾರೆ ನೋಡಿ, ಪ್ರದರ್ಶನಕ್ಕಿಟ್ಟ ಟಾಪ್ ವೇರಿಯಂಟಿನಲ್ಲಿ ಅಲ್ಲ. ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಸೀಟನ್ನು ಹೊತ್ತೊಯ್ದು ಕಾರಿನ ಸೀಟಿನಲ್ಲಿರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿ ನೋಡಿ. ಸಿಕ್ಕಿಸಿದ ಮೇಲೆ ಪಕ್ಕದಲ್ಲಿ ಇಬ್ಬರು ದೊಡ್ಡವರು ಕೂರಲಾಗುತ್ತದೆಯೇ ಎಂಬುದು ಐದು ಜನರ ಮನೆಗೆ ನಿಜವಾದ ಪ್ರಶ್ನೆ, ಬಹಳ ಕಡೆ ಉತ್ತರ "ಇಲ್ಲ" ಎಂದೇ ಬರುತ್ತದೆ.

ಡಿಕ್ಕಿ ಬ್ರೆಝಾದಲ್ಲಿ 328 ಲೀಟರ್, ನೆಕ್ಸಾನ್‌ನಲ್ಲಿ 382. ಲೀಟರ್ ನೋಡಿ ಮೋಸ ಹೋಗಬೇಡಿ. ಮನೆಯ ದೊಡ್ಡ ಸೂಟ್‌ಕೇಸ್ ಒಂದು, ಮಕ್ಕಳ ಬ್ಯಾಗ್ ಎರಡು, 25 ಕಿಲೋ ಅಕ್ಕಿ ಚೀಲ ಒಂದು ಒಯ್ದು ತುಂಬಿಸಿ ನೋಡಿ. ಚೀಲ ಎತ್ತಿ ಒಳಗಿಡುವಾಗ ಡಿಕ್ಕಿಯ ಅಂಚು ಸೊಂಟದ ಮೇಲೆ ಬಂದರೆ ತೋಟದಿಂದ ತೆಂಗಿನಕಾಯಿ ಹೇರುವಾಗಲೆಲ್ಲ ಬೆನ್ನು ನೋಯುತ್ತದೆ.

ಮನೆಯನ್ನೂ ಅಳೆಯಬೇಕು. ಗೇಟಿನ ಅಗಲ, ಪೋರ್ಟಿಕೋ ಉದ್ದ, ರಸ್ತೆಯಿಂದ ಗೇಟಿಗೆ ಏರುವ ರ‍್ಯಾಂಪಿನ ಇಳಿಜಾರು. 1.8 ಮೀಟರ್ ಕಾರಿಗೆ ಕನ್ನಡಿ ಸೇರಿ ಎರಡು ಮೀಟರ್ ಹಿಡಿಯಿರಿ, ಮೇಲೆ ಬಾಗಿಲು ತೆರೆದು ಇಳಿಯಲು ಒಂದು ಕಡೆಯಾದರೂ 60 ಸೆಂಟಿಮೀಟರ್. ಹಳೇ ದಾವಣಗೆರೆಯ ಗಲ್ಲಿಗಳಲ್ಲಿ, ದುರ್ಗದ ಕೋಟೆ ಬದಿಯ ಬೀದಿಗಳಲ್ಲಿ ತಿರುವಿನ ಮೂಲೆಯನ್ನೂ ನೋಡಿ.

ಟೆಸ್ಟ್ ಡ್ರೈವ್: ಐದು ಜನ, ಎಸಿ, ಮಧ್ಯಾಹ್ನ ಎರಡು ಗಂಟೆ

ಬೆಳಿಗ್ಗೆ ಹತ್ತಕ್ಕೆ ಒಬ್ಬರೇ ಹೋಗಿ ಪಿ.ಬಿ. ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ. ಐದು ಜನರ ತೂಕ ಮುನ್ನೂರು ಕಿಲೋ ದಾಟುತ್ತದೆ, ಸಾಮಾನು ಬೇರೆ. ಕಾರಿನ ಗುಣ ಹೊರಬರುವುದು ಆಗ. ಬಿಸಿಲು ಏರಿದ ಹೊತ್ತಿಗೆ, ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿಯೇ ಟೆಸ್ಟ್ ಡ್ರೈವ್ ಕೇಳಿ. ಎರಡೂ ಕಾರನ್ನು ಒಂದೇ ದಿನ, ಒಂದೇ ದಾರಿಯಲ್ಲಿ ಓಡಿಸಿ. ಇಂದು ಒಂದು, ಮುಂದಿನ ವಾರ ಇನ್ನೊಂದು ಎಂದರೆ ಮೊದಲಿನದು ಮರೆತಿರುತ್ತದೆ.

ದಾವಣಗೆರೆಯಲ್ಲಾದರೆ ದಾರಿ ಹೀಗಿರಲಿ: ಅಶೋಕ ರಸ್ತೆಯ ಜನಸಂದಣಿ, ಅಲ್ಲಿಂದ ಪಿ.ಬಿ. ರಸ್ತೆ, ಬಳಿಕ ಸರ್ವಿಸ್ ರಸ್ತೆಯಿಂದ ಎನ್‌ಎಚ್ 48ಕ್ಕೆ ಏರಿ ಆನಗೋಡು ಕಡೆ ಹತ್ತು ಕಿಲೋಮೀಟರ್, ವಾಪಸ್ ಬರುವಾಗ ಯಾವುದಾದರೂ ಹಳ್ಳಿಯ ಒಳದಾರಿ. ಚಿತ್ರದುರ್ಗದಲ್ಲಾದರೆ ಬಿ.ಡಿ. ರಸ್ತೆ, ಹೊಳಲ್ಕೆರೆ ರಸ್ತೆ, ಜೊತೆಗೆ ಜೋಗಿಮಟ್ಟಿ ಕಡೆಯ ಏರು. ಒಂದೊಂದು ತುಂಡಿನಲ್ಲೂ ನೋಡಬೇಕಾದ್ದು ಬೇರೆ.

ಸಂದಣಿಯಲ್ಲಿ ಕ್ಲಚ್ ಮತ್ತು ಕಡಿಮೆ ವೇಗದ ಎಳೆತ. ಬ್ರೆಝಾದ್ದು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ನಾಲ್ಕು ಸಿಲಿಂಡರ್ ಎಂಜಿನ್. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ತೆವಳುತ್ತದೆ, ನಡುಗುವುದು ಕಡಿಮೆ. ನೆಕ್ಸಾನ್ ಪೆಟ್ರೋಲ್ ಮೂರು ಸಿಲಿಂಡರ್‌ನ ಟರ್ಬೊ. 1750 ಆರ್‌ಪಿಎಂ ಮುಟ್ಟುವವರೆಗೆ ಸ್ವಲ್ಪ ಮಂಕು, ಮುಟ್ಟಿದ ಮೇಲೆ ಒಮ್ಮೆಲೇ ಎಳೆತ. ಹಂಪ್ ದಾಟಿ ಎರಡನೇ ಗೇರಿನಲ್ಲೇ ಎತ್ತಿಕೊಳ್ಳಲು ನೋಡಿ. ಐದು ಜನ ಇದ್ದಾಗ ಮೊದಲ ಗೇರಿಗೆ ಇಳಿಸಬೇಕಾಗಿ ಬರುತ್ತದೆಯೇ? ದಿನಾ ಸಂದಣಿಯಲ್ಲೇ ಓಡಿಸುವವರಿಗೆ ಈ ಒಂದು ಅಂಶ ಇಡೀ ಬ್ರೋಷರ್‌ಗಿಂತ ದೊಡ್ಡದು.

ಹೈವೇಯಲ್ಲಿ ಮಾತು ತಿರುಗುತ್ತದೆ. ಬ್ರೆಝಾದ ಗರಿಷ್ಠ ಟಾರ್ಕ್ (ಎಂಜಿನ್ ಎಳೆಯುವ ಬಲ) 136.8 ಎನ್‌ಎಂ, ಅದೂ 4400 ಆರ್‌ಪಿಎಂನಲ್ಲಿ. ನೆಕ್ಸಾನ್ ಪೆಟ್ರೋಲ್‌ನದು 170, ಡೀಸೆಲ್‌ನದು 260. ಸರ್ವಿಸ್ ರಸ್ತೆಯಿಂದ ಹೈವೇಗೆ ಸೇರುವಾಗ, ಲಾರಿ ಹಿಂದಿಕ್ಕುವಾಗ 60ರಿಂದ 90ಕ್ಕೆ ಎಷ್ಟು ಬೇಗ ಏರುತ್ತದೆ ಎಂಬುದನ್ನು ಪಕ್ಕದಲ್ಲಿ ಕೂತವರು ಫೋನಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಲಿ. ಬ್ರೆಝಾದಲ್ಲಿ ಗೇರ್ ಒಂದು ಇಳಿಸಿ ಹೋಗಬೇಕು, ಇಳಿಸಿದರೆ ಸಮಾಧಾನವಾಗಿ ಹೋಗುತ್ತದೆ. ಜಗಳೂರು, ಚಳ್ಳಕೆರೆ ಕಡೆಯ ಎರಡು ಪಥದ ರಸ್ತೆಗಳಲ್ಲಿ ಎದುರು ಬರುವ ಬಸ್ಸಿನ ದೂರ ನೋಡಿ ಹಿಂದಿಕ್ಕಬೇಕಾದವರಿಗೆ ಟಾರ್ಕ್ ಎಂದರೆ ಷೋಕಿಯಲ್ಲ, ಸುರಕ್ಷತೆ.

ಒಳದಾರಿಯಲ್ಲಿ ಕಾರಿನ ಹೊಟ್ಟೆ ತಾಗುತ್ತದೆಯೇ, ಗುಂಡಿಗೆ ಬಿದ್ದಾಗ ಹಿಂದೆ ಕೂತವರ ಬೆನ್ನಿಗೆ ಏಟು ಬರುತ್ತದೆಯೇ ಎಂದು ಕೇಳಿ. ನೆಕ್ಸಾನ್‌ನ ಗ್ರೌಂಡ್ ಕ್ಲಿಯರೆನ್ಸ್ 208 ಮಿಲಿಮೀಟರ್, ಬ್ರೆಝಾದ್ದು 200ರ ಹತ್ತಿರ. ತುಂಬಿದ ಕಾರು ಸ್ಪ್ರಿಂಗ್ ಮೇಲೆ ಕುಸಿಯುವುದರಿಂದ ಈ ಅಂಕಿ ಖಾಲಿ ಕಾರಿಗೆ ಮಾತ್ರ ನಿಜ. ಏರಿನಲ್ಲಿ ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿ, ಕಾರು ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಎಸಿ ಪರೀಕ್ಷೆ ಸುಲಭ. ಕಾರನ್ನು ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲಿಸಲು ಹೇಳಿ, ಆಮೇಲೆ ಹತ್ತಿ. ಹಿಂದಿನ ಸೀಟಿಗೆ ತಂಪು ಮುಟ್ಟಲು ಎಷ್ಟು ನಿಮಿಷ ಬೇಕಾಯಿತು ಎಂಬುದನ್ನು ಹಿಂದೆ ಕೂತವರೇ ಹೇಳಲಿ. ಏಪ್ರಿಲ್‌ನಲ್ಲಿ ಪಾದರಸ 40ರ ಹತ್ತಿರ ಹೋಗುವ ನಮ್ಮ ಸೀಮೆಯಲ್ಲಿ ದೊಡ್ಡ ಸನ್‌ರೂಫ್ ಮೂಲಕ ಬರುವುದು ಬಿಸಿಲೇ. ಮಕ್ಕಳು ಹಟ ಮಾಡಿದರೂ ಅದಕ್ಕೆ ಕೊಡುವ ಹಣವನ್ನು ಬೇರೆ ಕಡೆ ಹಾಕುವುದು ಮೇಲು.

ಆಟೊಮ್ಯಾಟಿಕ್ ಬೇಕಿದ್ದರೆ ಗೇರ್‌ಬಾಕ್ಸ್ ಯಾವ ಜಾತಿಯದು ಎಂದು ಕೇಳಿ. ಬ್ರೆಝಾದಲ್ಲಿ ಆರು ಗೇರಿನ ಟಾರ್ಕ್ ಕನ್ವರ್ಟರ್. ಹಳೆಯ ನಮೂನೆ, ನಿಧಾನಿ, ಆದರೆ ಸಂದಣಿಯಲ್ಲಿ ಬೆಣ್ಣೆಯಂತೆ ಜಾರುತ್ತದೆ. ನೆಕ್ಸಾನ್ ಪೆಟ್ರೋಲ್‌ನಲ್ಲಿ ಎಎಂಟಿಯೂ ಇದೆ, ಎರಡು ಕ್ಲಚ್ ಇರುವ ಏಳು ಗೇರಿನ ಡಿಸಿಎಯೂ ಇದೆ. ಡೀಸೆಲ್‌ನಲ್ಲಿ ಎಎಂಟಿ ಮಾತ್ರ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಿಸುವುದು. ಗೇರ್ ಬದಲಾಗುವಾಗ ಒಂದು ತೂಗು ಬರುತ್ತದೆ, ಹಿಂದೆ ಕೂತವರ ತಲೆ ಆಡುತ್ತದೆ. ಬೆಲೆ ಕಡಿಮೆ, ಮೈಲೇಜ್ ಮ್ಯಾನುಯಲ್‌ನಷ್ಟೇ. ವಾಂತಿ ಮಾಡಿಕೊಳ್ಳುವ ಮಗು ಮನೆಯಲ್ಲಿದ್ದರೆ ಎಎಂಟಿಯಲ್ಲಿ ಅರ್ಧ ಗಂಟೆ ಆ ಮಗುವನ್ನೇ ಕೂರಿಸಿ ನೋಡಿ.

ಸಾಧ್ಯವಾದರೆ ಕತ್ತಲಾದ ಮೇಲೆ ಹತ್ತು ನಿಮಿಷ ಬೇರೆ ಕೇಳಿ, ಹೆಡ್‌ಲೈಟ್ ನೋಡಲು.

ಸುರಕ್ಷತೆ

ನೆಕ್ಸಾನ್ 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು. ಹೊಸ ರೂಪದ್ದು 2024ರಲ್ಲಿ ಭಾರತ್ ಎನ್‌ಕ್ಯಾಪ್‌ನಲ್ಲೂ ಐದು ನಕ್ಷತ್ರ ತಂದಿತು: ದೊಡ್ಡವರ ರಕ್ಷಣೆಯಲ್ಲಿ 32ಕ್ಕೆ 29.41, ಮಕ್ಕಳ ರಕ್ಷಣೆಯಲ್ಲಿ 49ಕ್ಕೆ 43.83. ಬ್ರೆಝಾದ ಬಗ್ಗೆ ಜನ ಹೇಳುವ ನಾಲ್ಕು ನಕ್ಷತ್ರ 2018ರ ಹಳೆಯ ವಿಟಾರಾ ಬ್ರೆಝಾದ್ದು. ಆಮೇಲೆ ಪರೀಕ್ಷೆಯ ನಿಯಮವೂ ಬಿಗಿಯಾಗಿದೆ, ಕಾರೂ ಬದಲಾಗಿದೆ, ಹಾಗಾಗಿ ಆ ನಕ್ಷತ್ರವನ್ನು ಈಗಿನ ಕಾರಿಗೆ ಅಂಟಿಸಿ ಹೋಲಿಸಬೇಡಿ. ಮಕ್ಕಳ ಅಂಕ ಪ್ರತ್ಯೇಕವಾಗಿ ನೋಡುವುದು ಕುಟುಂಬದವರು ಮರೆಯುವ ಸಂಗತಿ.

ಇಷ್ಟೆಲ್ಲ ನಕ್ಷತ್ರವೂ ಬೆಲ್ಟ್ ಹಾಕಿದವರಿಗೆ ಮಾತ್ರ. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತ 60 ಕಿಲೋ ತೂಕದ ಮನುಷ್ಯ ಅಪಘಾತದಲ್ಲಿ ಮುಂದಿನವರ ಬೆನ್ನಿಗೆ ಬಂದು ಅಪ್ಪಳಿಸುತ್ತಾರೆ. ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವುದನ್ನು ಬಿಡಲೇಬೇಕು, ಏರ್‌ಬ್ಯಾಗ್ ಬಿಚ್ಚುವ ರಭಸಕ್ಕೆ ಎದುರು ಇರುವುದು ಆ ಮಗುವೇ. ಸೀಟ್ ಕವರ್ ಹಾಕಿಸುವಾಗ ಸೀಟಿನ ಪಕ್ಕದ ಏರ್‌ಬ್ಯಾಗಿಗೆ ದಾರಿ ಬಿಟ್ಟಿರುವ ಕವರೇ ಹಾಕಿಸಿ. ಮಾಮೂಲಿ ರೆಕ್ಸಿನ್ ಕವರ್ ಅದನ್ನು ಹೊಲಿದು ಮುಚ್ಚಿಬಿಡುತ್ತದೆ.

ಸರ್ವಿಸ್, ದೂಳು, ಇಲಿ

ಮಾರುತಿಯ ವರ್ಕ್‌ಶಾಪ್ ಮತ್ತು ಬಿಡಿಭಾಗ ತಾಲೂಕು ಮಟ್ಟದವರೆಗೂ ಸುಲಭ, ಇದು ಬ್ರೆಝಾದ ದೊಡ್ಡ ಬಲ. ಟಾಟಾ ವಿಷಯದಲ್ಲಿ ನಿಮಗೆ ಹತ್ತಿರದ ವರ್ಕ್‌ಶಾಪ್ ಹೇಗೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದನ್ನು ತಿಳಿಯಲು ಶನಿವಾರ ಸಂಜೆ ಐದು ಗಂಟೆಗೆ ವರ್ಕ್‌ಶಾಪ್ ಗೇಟಿನ ಬಳಿ ನಿಂತು, ಕಾರು ವಾಪಸ್ ತೆಗೆದುಕೊಳ್ಳಲು ಬಂದ ನಾಲ್ಕು ಜನರನ್ನು ಮೂರು ಮಾತು ಕೇಳಿ: ಹೇಳಿದ ದಿನ ಕೊಟ್ಟರಾ, ಹೇಳಿದ ದುಡ್ಡಿಗೆ ಕೊಟ್ಟರಾ, ಅದೇ ದೂರಿಗೆ ಎರಡನೇ ಸಲ ಬಂದಿದ್ದೀರಾ. ನೆಕ್ಸಾನ್ ತೆಗೆದುಕೊಳ್ಳುವವರು ಟಚ್‌ಸ್ಕ್ರೀನ್, ಸೆನ್ಸರ್, ವೈರ್‌ಲೆಸ್ ಕಾರ್‌ಪ್ಲೇ ಬಗ್ಗೆ ಪ್ರತ್ಯೇಕವಾಗಿ ಕೇಳಲಿ. ಎಲೆಕ್ಟ್ರಾನಿಕ್ಸ್ ಹೆಚ್ಚಿದಷ್ಟೂ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಅಲೆಯುವುದೂ ಹೆಚ್ಚು.

ಮೆಕ್ಕೆಜೋಳದ ಕಟಾವಿನ ಕಾಲದಲ್ಲಿ ಒಳದಾರಿಗಳ ದೂಳು ಏರ್ ಫಿಲ್ಟರ್ ಮತ್ತು ಎಸಿಯ ಕ್ಯಾಬಿನ್ ಫಿಲ್ಟರ್ ಎರಡನ್ನೂ ಕಟ್ಟಿಸುತ್ತದೆ. ಟೆಸ್ಟ್ ಡ್ರೈವ್ ದಿನವೇ ಗ್ಲೋವ್ ಬಾಕ್ಸ್ ಬಿಚ್ಚಿ ಕ್ಯಾಬಿನ್ ಫಿಲ್ಟರ್ ಎಲ್ಲಿದೆ, ಕೈಯಿಂದಲೇ ತೆಗೆಯಬಹುದೇ ಎಂದು ತೋರಿಸಲು ಹೇಳಿ. ತೆಗೆಯಲು ಬಂದರೆ ಆರು ತಿಂಗಳಿಗೊಮ್ಮೆ ಮನೆಯಲ್ಲೇ ಬದಲಿಸಬಹುದು. ಹೊಲ, ಗೋದಾಮು, ಅಕ್ಕಿ ಗಿರಣಿಯ ಹತ್ತಿರ ಕಾರು ನಿಲ್ಲಿಸುವವರಿಗೆ ಇಲಿಯೇ ದೊಡ್ಡ ಶತ್ರು. ಬೆಚ್ಚಗಿನ ಎಂಜಿನ್ ಮೇಲೆ ಕೂತು ವೈರ್ ಕಡಿಯುತ್ತವೆ. ಹೊಸ ಕಾರುಗಳಲ್ಲಿ ಒಂದು ವೈರ್ ಕಡಿದರೂ ಇಡೀ ಹಾರ್ನೆಸ್ (ವೈರ್‌ಗಳ ಕಟ್ಟು) ಬದಲಿಸಿ ಎನ್ನುವ ವರ್ಕ್‌ಶಾಪ್‌ಗಳಿವೆ, ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಅಡಿಯಲ್ಲಿ ಜಾಲರಿ ಹಾಕಿಸುವುದು ಸೆರಾಮಿಕ್ ಕೋಟಿಂಗ್‌ಗಿಂತ ಒಳ್ಳೆಯ ಖರ್ಚು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆದು ಬಿಸಿಲಲ್ಲೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಕೂರುತ್ತವೆ, ಕಪ್ಪು ಮತ್ತು ಕಡು ನೀಲಿ ಬಣ್ಣದಲ್ಲಿ ಎದ್ದು ಕಾಣುತ್ತವೆ. ಬಿಳಿ, ಬೂದು ಬಣ್ಣಗಳು ದೂಳನ್ನೂ ಬಿಸಿಲನ್ನೂ ತಡೆದುಕೊಳ್ಳುತ್ತವೆ.

ಹಾಗಾದರೆ ಯಾವುದು?

ತಿಂಗಳಿಗೆ ಆರುನೂರು ಕಿಲೋಮೀಟರ್ ಒಳಗೆ, ಹೆಚ್ಚಿನದು ಊರೊಳಗೆ, ಓಡಿಸುವವರು ಐವತ್ತು ದಾಟಿದವರು, ಹಿಂದೆ ಹಿರಿಯರು: ಬ್ರೆಝಾ ಆಟೊಮ್ಯಾಟಿಕ್. ತೆರಿಗೆ ಹೆಚ್ಚು ಕೊಟ್ಟಿದ್ದರೂ ಆ ಮನೆಗೆ ಅದು ಸುಖದ ಕಾರು. ಸಾವಿರದಿನ್ನೂರು ದಾಟಿ ಓಡುವ, ಹೈವೇ ಹೆಚ್ಚಿರುವ, ಐದು ಸೀಟೂ ತುಂಬುವ ಮನೆಗೆ ನೆಕ್ಸಾನ್ ಡೀಸೆಲ್ ಮ್ಯಾನುಯಲ್‌ಗೆ ಈ ಬೆಲೆಯಲ್ಲಿ ಎದುರಾಳಿ ಕಡಿಮೆ. ಈ ನಡುವಿನ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದರೆ ನೆಕ್ಸಾನ್ ಪೆಟ್ರೋಲ್, ವರ್ಕ್‌ಶಾಪ್ ದೂರವಿದ್ದರೆ ಬ್ರೆಝಾ ಮ್ಯಾನುಯಲ್. ಟೆಸ್ಟ್ ಡ್ರೈವ್‌ನಲ್ಲಿ ಅಜ್ಜಿ ಬೇಡವೆಂದ ಕಾರನ್ನು ಯಾವ ಲೆಕ್ಕ ಹೇಳಿದರೂ ತೆಗೆದುಕೊಳ್ಳಬೇಡಿ.

ಬಿಲ್ ಆಗುವ ಮೊದಲು, ಗಾಡಿ ಮನೆಗೆ ಬಂದ ಮೇಲೆ

ಒಮ್ಮೆ ನಿಮ್ಮ ಹೆಸರಿಗೆ ನೋಂದಣಿಯಾಯಿತೆಂದರೆ ಕಾರು ವಾಪಸ್ ಮಾಡುವುದು ಆಗದ ಮಾತು. ಆದ್ದರಿಂದ ಪೂರ್ತಿ ಹಣ ಕಟ್ಟುವ ಮೊದಲೇ, ನೋಂದಣಿಗೆ ಮೊದಲೇ, ಯಾರ್ಡ್‌ಗೆ ಹೋಗಿ ಹಗಲಿನಲ್ಲಿ ಕಾರು ನೋಡಿ. ಚಾಸಿ ನಂಬರ್ ಬರೆದುಕೊಳ್ಳಿ, ಇನ್‌ವಾಯ್ಸ್‌ನಲ್ಲಿ ಅದೇ ನಂಬರ್ ಬರಬೇಕು. ತಯಾರಾದ ತಿಂಗಳು–ವರ್ಷ ಆರ್‌ಸಿಯಲ್ಲಿ ಅಚ್ಚಾಗುತ್ತದೆ. ಡಿಸೆಂಬರ್‌ನ ಕಾರನ್ನು ಫೆಬ್ರವರಿಯಲ್ಲಿ ಕೊಂಡರೂ ಮಾರುವಾಗ ಅದು ಒಂದು ವರ್ಷ ಹಳೆಯದೇ, ಹಾಗಿದ್ದರೆ ಅದಕ್ಕೆ ತಕ್ಕ ರಿಯಾಯಿತಿ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ, 2325 ಎಂದಿದ್ದರೆ 2025ರ 23ನೇ ವಾರದ್ದು. ಐದೂ ಟೈರ್ ನೋಡಿ, ಸ್ಟೆಪ್ನಿಯ ಅಳತೆ ಉಳಿದ ನಾಲ್ಕಕ್ಕಿಂತ ಚಿಕ್ಕದಿದ್ದರೆ ಅದರಲ್ಲಿ ಎಷ್ಟು ವೇಗ ಮೀರಬಾರದು ಎಂದು ಕೇಳಿಕೊಳ್ಳಿ. ಮೀಟರ್ ನೂರು ಕಿಲೋಮೀಟರ್ ದಾಟಿದ್ದರೆ ಕಾರಣ ಕೇಳಿ. ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳ ಅಂತರ ಎರಡೂ ಬದಿ ಒಂದೇ ಇದೆಯೇ ಎಂದು ಬೆರಳಿಟ್ಟು ನೋಡಿ. ಬಣ್ಣವನ್ನು ನೇರವಾಗಿ ನೋಡಬೇಡಿ, ಓರೆಯಾಗಿ ಬೆಳಕಿಗೆ ಹಿಡಿದಂತೆ ನೋಡಿ. ಮರುಬಣ್ಣ ಹೊಡೆದ ಜಾಗ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಕಾಣುತ್ತದೆ.

ಕೀ ಎರಡೂ ಕೈಗೆ ಬರಲಿ. ದಾವಣಗೆರೆಯವರಿಗೆ ಕೆಎ-17, ದುರ್ಗದವರಿಗೆ ಕೆಎ-16ರ ನಂಬರ್ ಬಂದು ಫಾಸ್ಟ್ಯಾಗ್‌ಗೆ ಸೇರಿದ ಮೇಲೆ, ಬೆಂಗಳೂರಿಗೆ ಪದೇಪದೇ ಹೋಗುವವರು ವಾರ್ಷಿಕ ಪಾಸ್ ಲೆಕ್ಕ ಹಾಕಬಹುದು. 2025ರ ಆಗಸ್ಟ್ 15ರಂದು ಶುರುವಾದಾಗ ಅದರ ದರ 3000 ರೂಪಾಯಿ, ಒಂದು ವರ್ಷ ಅಥವಾ 200 ದಾಟುವಿಕೆ, ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಿಗೆ ಮಾತ್ರ.

ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರುಗಳ ಟೈರಿಗೆ ಗಾಳಿ ಹೆಚ್ಚು ತುಂಬಿಸಿಟ್ಟಿರುತ್ತಾರೆ, ಕೊಡುವಾಗ ಇಳಿಸಲು ಮರೆಯುತ್ತಾರೆ. ಹೊಸ ಕಾರು ಹಂಪ್ ಮೇಲೆ ಕುಣಿಯುತ್ತಿದೆ, ಸಸ್ಪೆನ್ಷನ್ ಗಟ್ಟಿ ಎಂಬ ದೂರಿಗೆ ಅರ್ಧ ಕಾರಣ ಇದೇ. ಮರುದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿ ಅಷ್ಟಕ್ಕೆ ಇಳಿಸಿ. ಅದೇ ಚೀಟಿಯಲ್ಲಿ ಪೂರ್ತಿ ಹೇರಿದಾಗಿನ ಅಳತೆ ಬೇರೆ ಇರುತ್ತದೆ. ನಾಯಕನಹಟ್ಟಿ ಜಾತ್ರೆಗೋ ಧರ್ಮಸ್ಥಳಕ್ಕೋ ಐದು ಜನ ಹೊರಡುವ ದಿನ ಹಿಂದಿನ ಎರಡು ಟೈರಿಗೆ ಅಷ್ಟು ತುಂಬಿಸಿ ಹೊರಡಿ, ವಾಪಸ್ ಬಂದ ಮೇಲೆ ಇಳಿಸಿ.